ಕರಡಿ ಜೇನು ಬಲ್ಲವನಲ್ಲ, ತಿನ್ನುವವನು

ಮಾನ್ಯ ಸಂಪಾದಕರೇ,

ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಸೈನಿಕರ ಜೊತೆಗಿದ್ದ ವೊಯ್ಟೆಕ್ ಎಂಬ ಕರಡಿಯ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಖುಷಿ ಕೊಟ್ಟಿತು. ಒಂದು ಮಾತು ಮಾತ್ರ ಸರಿಯಿಲ್ಲ. ಪೋಲಿಷ್‌ನಲ್ಲಿ ಕರಡಿಗೆ 'ನ್ಯೆಜ್‌ವ್ಯೆಚ್' ಅನ್ನುತ್ತಾರೆ. ಅದು ನಮ್ಮ ಮಧು, ವೇದಗಳ ನೆಂಟ, 'ಜೇನನ್ನು ಬಲ್ಲವನು' ಎಂದರ್ಥ ಅಂತ ಲೇಖಕರು ಬರೆದಿದ್ದಾರೆ. ಕೇಳೋಕೆ ಚೆಂದವೇ. ಪೋಲಿಷ್‌ನಲ್ಲಿ ತಿಳಿಯುವುದಕ್ಕೆ 'ವ್ಯೆಜೆಚ್' ಅನ್ನುವುದರಿಂದ ಯಾರಿಗಾದರೂ ಹಾಗೆ ಅನ್ನಿಸೀತು. ಆದರೆ ಪದ ಒಡೆದ ಜಾಗವೇ ತಪ್ಪು.

ಪೋಲಿಷ್, ರಷ್ಯನ್, ಚೆಕ್ ಎಲ್ಲ ಸ್ಲಾವ್ ಕುಟುಂಬದ ಭಾಷೆಗಳು. ಕರಡಿಗೆ ಹಳೆಯ ಸ್ಲಾವ್ ರೂಪ 'ಮೆದ್ವೇದಿ'. ಅದನ್ನು ಮೆದು + ಏದಿ ಎಂದು ಬಿಡಿಸಬೇಕು. ಮೆದು ಜೇನು, ಏದಿ ತಿನ್ನುವವನು. ನಡುವಿನ ವಕಾರ ಮೆದುವಿನ ಉಕಾರದಿಂದ ಬಂದದ್ದು. ಮನು + ಅಂತರ = ಮನ್ವಂತರ ಅಂತ ಯಣ್ ಸಂಧಿ ಉರು ಹೊಡೆದವರಿಗೆ ಇದರಲ್ಲಿ ಹೊಸದೇನಿಲ್ಲ. ಋಗ್ವೇದದ ಮೊದಲ ಮಂಡಲದಲ್ಲೂ ಇದೇ ಜೋಡಣೆಯ 'ಮಧ್ವದ' ಇದೆ, ಅಲ್ಲಿ ಹಕ್ಕಿಗಳಿಗೆ ಹೇಳಿದ್ದು. ಆ 'ಅದ್' ಧಾತುವಿನಿಂದಲೇ ನಾವು ದಿನಾ ಉಣ್ಣುವ ಅನ್ನವೂ ಬಂದಿದೆ. ಹಾಗಾಗಿ ನೆಂಟಸ್ತಿಕೆ ಸುಳ್ಳಲ್ಲ. ನೆಂಟ ವೇದ ಅಲ್ಲ, ಅನ್ನ.

ಹಾಗಾದರೆ ಪೋಲಿಷ್‌ನಲ್ಲಿ ಮಕಾರ ಎಲ್ಲಿ ಹೋಯಿತು? ಹಳೇ ಪೋಲಿಷ್‌ನಲ್ಲಿ ಮಕಾರದ ರೂಪವೂ ಇತ್ತು. ಮ, ವ ಎರಡೂ ತುಟಿಯ ಸದ್ದು. ಒಂದೇ ಪದದಲ್ಲಿ ಎರಡೂ ಬಂದು ನಾಲಿಗೆಗೆ ತೊಡಕಾಗಿ ಮೊದಲನೆಯದು ನ ಆಯಿತು. ರಷ್ಯದ ಮಾಜಿ ಅಧ್ಯಕ್ಷ ಮೆದ್ವೆದೆವ್ ಹೆಸರಲ್ಲಿ ಮ ಉಳಿದಿದೆ, ಚೆಕ್‌ನ ಮಾಜಿ ಫುಟ್‌ಬಾಲ್ ಆಟಗಾರ ಪಾವೆಲ್ ನೆದ್ವೆದ್ ಹೆಸರಲ್ಲಿ ಹೋಗಿದೆ. ಇಬ್ಬರೂ ಕರಡಿಯವರೇ! ಅಂದಹಾಗೆ ಪೋಲಿಷ್‌ನಲ್ಲಿ 'ನ್ಯೆ' ಅಂದರೆ ಇಲ್ಲ. ಲೇಖಕರ ದಾರಿಯಲ್ಲೇ ಹೋದರೆ ಕರಡಿ 'ಏನೂ ಗೊತ್ತಿಲ್ಲದವನು' ಆಗಿಬಿಡುತ್ತದೆ, ಅಲ್ವಾ?

ಕರಡಿಯ ಹೆಸರುಗಳಾದ ಸಂಸ್ಕೃತದ ಋಕ್ಷ, ಗ್ರೀಕಿನ ಆರ್ಕ್ಟೊಸ್, ಲ್ಯಾಟಿನ್ನಿನ ಉರ್ಸುಸ್ ಒಂದೇ ಬೇರಿನವು. ಸ್ಲಾವ್ ಜನ ಆ ಹಳೇ ಹೆಸರನ್ನೇ ಬಿಟ್ಟುಬಿಟ್ಟರು. ಹೆಸರೆತ್ತಿದರೆ ಕರಡಿ ಬಂದೇಬಿಡುತ್ತದೆ ಅನ್ನುವ ಭಯಕ್ಕೆ ಸುತ್ತುಬಳಸಿ ಕರೆದರು ಅಂತ ಭಾಷಾವಿಜ್ಞಾನಿಗಳು ಊಹಿಸುತ್ತಾರೆ. ಹಾವು ಅನ್ನದೆ 'ಹುಳ ಮುಟ್ಟಿತು' ಅನ್ನುವ ನಮ್ಮ ಹಳ್ಳಿಯವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ.

ಪುರವಣಿಯ ಮಕ್ಕಳ ಕ್ವಿಜ್‌ನಲ್ಲೂ ಈ ಪ್ರಶ್ನೆ ಕೇಳಿದ್ದೀರಿ. 'ಜೇನು ತಿನ್ನುವವನು' ಅಂತ ಬರೆದ ಮಕ್ಕಳಿಗೆ ದಯವಿಟ್ಟು ಅಂಕ ಕೊಡಿ.

— ನಿವೃತ್ತ ಕನ್ನಡ ಮೇಷ್ಟ್ರು, ಶಿವಮೊಗ್ಗ