ಉಳಿ ಮಾಡುವ ಗೆಳೆಯನಿಗೊಂದು ಪತ್ರ

ಧಾರವಾಡ

ಪ್ರೀತಿಯ ಗೆಳೆಯಾ,

ಹೊಸ ಗಿರಾಕಿಯನ್ನು ಕರೆತಂದ ಪ್ರತಿಯೊಬ್ಬ ಹಳೆಯ ಗಿರಾಕಿಗೂ ಮಾರಾಟದ ಮೇಲೆ ನೂರಕ್ಕೆ ಹತ್ತು ರೂಪಾಯಿಯಂತೆ ಕಮಿಷನ್ ಕೊಟ್ಟರೆ ಹೇಗೆ ಎಂದು ನೀನು ಕೇಳಿದ್ದೀಯ. ಹುಬ್ಬಳ್ಳಿ ಹತ್ತಿರದ ತಾರಿಹಾಳದ ಶೆಡ್ಡಿನಲ್ಲಿ ಒಂದೊಂದೇ ಉಳಿಯನ್ನು ಕೈಯಾರೆ ಹದಗೊಳಿಸುವ ನಿನ್ನ ಬಳಿ ಜಾಹೀರಾತಿಗೆಂದು ಬೇರೆ ಹಣವಿಲ್ಲ, ನಿನ್ನ ಉಳಿ ಮತ್ತು ಕಟ್ಟಿಗೆ ಹೆರೆಯುವ ತೋಪಡಾಗಳನ್ನು ಮೆಚ್ಚಿಕೊಂಡ ನಾವು ಬಡಿಗರೇ ನಿನ್ನ ಬಂಡವಾಳ ಎಂಬುದು ನನಗೆ ಚೆನ್ನಾಗಿ ಗೊತ್ತು. ಆದರೂ ಕಮಿಷನ್ ಬೇಡ ಎಂಬುದೇ ನನ್ನ ಉತ್ತರ. ಏಕೆ ಬೇಡ, ಅದರ ಬದಲು ನಮ್ಮಂಥ ಗಿರಾಕಿಗಳಿಂದ ನೀನು ಏನನ್ನು ಕೇಳಬಹುದು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಈ ಪತ್ರವನ್ನು ಎಲ್ಲರೂ ಓದುವಂತೆ ಹಾಕುತ್ತಿರುವುದಕ್ಕೂ ಕಾರಣವಿದೆ. ಹುಬ್ಬಳ್ಳಿ, ಗದಗ, ಹಾವೇರಿಗಳಲ್ಲಿ ನಿನ್ನ ಹಾಗೆಯೇ ಒಳ್ಳೆಯ ಸಾಮಾನು ಮಾಡಿಯೂ ಕೊಳ್ಳುವವರನ್ನು ತಲುಪಲಾಗದೆ ಕುಳಿತವರು ಇನ್ನೂ ಇದ್ದಾರೆ.

ನಮ್ಮ ಎರೆ ಸೀಮೆಯಲ್ಲಿ ಬೀಜ ಬಿತ್ತುವ ಕೂರಿಗೆ ಮಾಡುವ ಬಡಿಗನ ಹೆಸರು ಹೇಗೆ ಹಬ್ಬುತ್ತಿತ್ತು ಎಂಬುದನ್ನು ನೆನೆಸಿಕೋ. ಸಾಲು ಗೀರುವ ತಾಳುಗಳ ಅಂತರ ಸರಿಯಾಗಿದ್ದರೆ ಬೀಜ ಮೊಳೆತ ಮೇಲೆ ಹೊಲದ ಸಾಲುಗಳೇ ಅದನ್ನು ಹೇಳುತ್ತಿದ್ದವು. ದಾರಿಯಲ್ಲಿ ಹೋಗುವ ಬೇರೆ ಊರಿನ ರೈತ ಬದುವಿನ ಮೇಲೆ ನಿಂತು, ಈ ಕೂರಿಗೆ ಯಾರು ಮಾಡಿದ್ದು ಎಂದು ಕೇಳುತ್ತಿದ್ದ. ಹೊಲದ ಒಡೆಯ ಹೆಸರು ಹೇಳುತ್ತಿದ್ದ. ಹೇಳಿದ್ದಕ್ಕೆ ಅವನಿಗೆ ಏನೂ ಸಿಗುತ್ತಿರಲಿಲ್ಲ, ಸಿಗುವುದಿಲ್ಲವೆಂದು ಕೇಳಿದವನಿಗೂ ಗೊತ್ತಿತ್ತು, ಆದ್ದರಿಂದಲೇ ಆ ಮಾತಿಗೆ ತೂಕವಿತ್ತು. ನಾಳೆ ನಾನು ನಿನ್ನ ಉಳಿಯನ್ನು ಹೊಗಳುವಾಗ ಅದರಲ್ಲಿ ನನಗೂ ಪಾಲಿದೆ ಎಂದು ಎದುರಿಗಿರುವ ಬಡಿಗನಿಗೆ ತಿಳಿದರೆ ಅವನು ನನ್ನ ಮಾತನ್ನು ದಲ್ಲಾಳಿಯ ಮಾತೆಂದೇ ಎಣಿಸುತ್ತಾನೆ. ತಿಳಿಯದಿದ್ದರೆ ನಾನು ಅವನಿಗೆ ಮೋಸ ಮಾಡಿದಂತಾಗುತ್ತದೆ. ಎರಡೂ ನಿನಗೆ ಒಳ್ಳೆಯದನ್ನು ಮಾಡುವುದಿಲ್ಲ.

ಇದಕ್ಕೆ ಕಾನೂನಿನ ಕಟ್ಟೂ ಇದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್ ತಿಂಗಳಲ್ಲಿ ಹೊರಡಿಸಿದ ಮಾರ್ಗಸೂಚಿಗಳ ಪ್ರಕಾರ, ಒಂದು ವಸ್ತುವನ್ನು ಜನರಿಗೆ ಶಿಫಾರಸು ಮಾಡುವವನಿಗೂ ಅದನ್ನು ತಯಾರಿಸುವವನಿಗೂ ನಡುವೆ, ಜನರು ಆ ಮಾತನ್ನು ನಂಬುವುದರ ಮೇಲೆ ಪರಿಣಾಮ ಬೀರುವಂಥ ಸಂಬಂಧವಿದ್ದರೆ ಅದನ್ನು ಬಹಿರಂಗಪಡಿಸಬೇಕು. ಸುಳ್ಳು ಅಥವಾ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕನ ಮೇಲೂ ಶಿಫಾರಸು ಮಾಡಿದವನ ಮೇಲೂ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಅದೇ ತಪ್ಪಾದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಆ ಪ್ರಾಧಿಕಾರಕ್ಕಿದೆ. ಅದೇ ವರ್ಷ ಭಾರತೀಯ ಮಾನಕ ಬ್ಯೂರೋ ಆನ್‌ಲೈನ್ ವಿಮರ್ಶೆಗಳಿಗೆಂದೇ ಐಎಸ್ 19000 ಎಂಬ ಮಾನಕವನ್ನು ಪ್ರಕಟಿಸಿತು. ತಾರಿಹಾಳದ ಒಂದು ಶೆಡ್ಡನ್ನು ಯಾರು ವಿಚಾರಿಸುತ್ತಾರೆ ಎಂದು ನೀನು ಕೇಳಬಹುದು. ವಿಚಾರಿಸಲಿ, ಬಿಡಲಿ, ನಡತೆ ಒಂದೇ ಇರಬೇಕು. ಹೊಸ ಮಾದರಿಯ ಉಳಿಯೊಂದನ್ನು ಪರೀಕ್ಷೆಗೆಂದು ನೀನು ನನಗೆ ಎಂದಾದರೂ ಪುಕ್ಕಟೆ ಕೊಟ್ಟರೆ, ಅದರ ಬಗ್ಗೆ ಬರೆಯುವಾಗ ಮೊದಲನೆಯ ಸಾಲಿನಲ್ಲೇ ಆ ಸಂಗತಿಯನ್ನು ಹೇಳುತ್ತೇನೆ. ಉಳಿದ ಗೆಳೆಯರಿಗೂ ಇದೇ ಷರತ್ತನ್ನು ಹಾಕು.

ಈಗ ನಾವು ಮಾಡಬಹುದಾದ ಕೆಲಸಕ್ಕೆ ಬರುತ್ತೇನೆ. ಎಲ್ಲಕ್ಕಿಂತ ಮೊದಲು, ನಾವು ನಿನ್ನ ಉಪಕರಣವನ್ನು ಇನ್ನೊಬ್ಬ ಬಡಿಗನ ಕೈಗೆ ಕೊಡಬೇಕು. ಹುಬ್ಬಳ್ಳಿ ಧಾರವಾಡಗಳಲ್ಲಿ ಇಂದು ಬಹುಪಾಲು ಕೆಲಸ ಪ್ಲೈವುಡ್ ಮತ್ತು ಲ್ಯಾಮಿನೇಟಿನದು. ಕೊಯ್ಯುವುದು, ಉಜ್ಜುವುದು, ತೂತು ಕೊರೆಯುವುದು ಎಲ್ಲವೂ ಯಂತ್ರದಲ್ಲಿ ಆಗುತ್ತದೆ. ಆದರೆ ಸಾಗವಾನಿಯ ಬಾಗಿಲಿಗೆ ಬೀಗ ಕೂರಿಸುವಾಗ, ಚೌಕಟ್ಟಿನಲ್ಲಿ ಬಾಗಿಲು ತಿರುಗುವ ಕೀಲುಗಳಿಗೆ ಗುಳಿ ಮಾಡುವಾಗ, ಯಂತ್ರ ಬಿಟ್ಟ ಮೂಲೆಗಳನ್ನು ಚೊಕ್ಕ ಮಾಡುವಾಗ ಈಗಲೂ ಉಳಿಯೇ ಬೇಕು. ಸಾಗವಾನಿಯಲ್ಲಿ ಮರಳಿನ ಅಂಶವಾದ ಸಿಲಿಕಾ ಇರುವುದರಿಂದ ಅದು ಅಲಗನ್ನು ಬೇಗ ಮೊಂಡು ಮಾಡುತ್ತದೆ. ಒಳ್ಳೆಯ ಉಕ್ಕಿಗೂ ಕಳಪೆ ಉಕ್ಕಿಗೂ ಇರುವ ವ್ಯತ್ಯಾಸ ಅಂಥ ಕಟ್ಟಿಗೆಯಲ್ಲಿಯೇ ಗೊತ್ತಾಗುವುದು, ಅಂಗಡಿಯ ಕೌಂಟರಿನ ಮೇಲೆ ಎರಡೂ ಒಂದೇ ತರಹ ಹೊಳೆಯುತ್ತವೆ. ಹಾಗಾಗಿ ಒಂದೇ ಸೈಟಿನಲ್ಲಿ ಕೆಲಸ ಮಾಡುವ ಬೇರೆ ಮೇಸ್ತ್ರಿಗೆ ನನ್ನ ಅರ್ಧ ಇಂಚಿನ ಉಳಿಯನ್ನು ಕೊಟ್ಟು, ಒಂದು ಬಾಗಿಲಿನ ಕೆಲಸ ಪೂರ್ತಿ ಇದರಲ್ಲೇ ಮಾಡಿ ನೋಡಿರಿ ಎಂದು ಸುಮ್ಮನಾಗುತ್ತೇನೆ. ಉಳಿಯ ಗುಣವನ್ನು ನಾನು ವರ್ಣಿಸುವುದಿಲ್ಲ. ನಡುವೆ ಸಾಣೆಕಲ್ಲಿಗೆ ಎಷ್ಟು ಸಲ ಏಳಬೇಕಾಯಿತು ಎಂಬುದನ್ನು ಅವನೇ ಗಮನಿಸುತ್ತಾನೆ, ಸಂಜೆ ಉಳಿಯನ್ನು ಹಿಂದಿರುಗಿಸುವಾಗ ಬೆಲೆಯನ್ನೂ ಅವನೇ ಕೇಳುತ್ತಾನೆ.

ಉಳಿಯನ್ನು ಕೈಗೆ ಕೊಟ್ಟರೆ ಮಾತ್ರ ಸಾಲದು, ಸಾಣೆ ಹಿಡಿಯುವುದನ್ನೂ ಕಲಿಸಬೇಕು. ಹಳೆಯ ಗಿರಾಕಿಯು ತಯಾರಕನಿಗೆ ಮಾಡಬಹುದಾದ ದೊಡ್ಡ ಉಪಕಾರ ಇದೇ ಎಂದು ನಾನು ನಂಬಿದ್ದೇನೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹೊಸ ಉಳಿಯನ್ನು ನೀನು ಸುಮಾರು 25 ಡಿಗ್ರಿಯ ಇಳಿಜಾರಿಗೆ ಅರೆದು ಕಳಿಸುತ್ತೀಯ. ಕೊಂಡವನು ಅದರ ಬೆನ್ನನ್ನು ಕಲ್ಲಿನ ಮೇಲೆ ಮಟ್ಟಸ ಮಾಡಿಕೊಂಡು, ತುದಿಯನ್ನು 30 ಡಿಗ್ರಿಯ ಆಸುಪಾಸಿನಲ್ಲಿ ಮಸೆದುಕೊಳ್ಳಬೇಕು. ಇದು ಗೊತ್ತಿಲ್ಲದವನು ಪೆಟ್ಟಿಗೆಯಿಂದ ತೆಗೆದ ಉಳಿಯನ್ನು ಹಾಗೆಯೇ ಕಟ್ಟಿಗೆಗೆ ಇಟ್ಟು, ಇದು ಕಡಿಯುವುದೇ ಇಲ್ಲ ಎಂದುಬಿಡುತ್ತಾನೆ. ಇನ್ನೊಬ್ಬನು ಅವಸರಕ್ಕೆ ಗ್ರೈಂಡರಿನ ಚಕ್ರಕ್ಕೆ ಒತ್ತಿ ಹಿಡಿದು ತುದಿಯನ್ನು ನೀಲಿ ಮಾಡುತ್ತಾನೆ. ಇಂಗಾಲದ ಉಕ್ಕಿನ ಉಳಿಗೆ ಹದ, ಅಂದರೆ ಅಲಗಿಗೆ ಬೇಕಾದಷ್ಟೇ ಗಡಸುತನ, ಕೊಡುವುದು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ನೀಲಿ ಬಣ್ಣ ಬಂದಿತೆಂದರೆ ತುದಿ 300 ಡಿಗ್ರಿಯ ಹತ್ತಿರ ಹೋಗಿದೆ, ಹದ ಹಾರಿ ಅಷ್ಟು ಭಾಗ ಮೆತ್ತಗಾಗಿದೆ ಎಂದರ್ಥ. ಮರುದಿನ ಅಲಗು ಮಡಚಿಕೊಂಡಾಗ ಅವನು ಬಯ್ಯುವುದು ಗ್ರೈಂಡರನ್ನಲ್ಲ, ನಿನ್ನನ್ನು. ಹೀಗೆ ಹುಟ್ಟುವ ಕೆಟ್ಟ ಹೆಸರು ಎಷ್ಟು ಬೇಗ ಹರಡುತ್ತದೆ ಎಂಬುದು ನಮ್ಮ ವೃತ್ತಿಯವರಿಗೆಲ್ಲ ಗೊತ್ತು. ಅವನ ಪಕ್ಕದಲ್ಲಿ ನಿನ್ನ ಗಿರಾಕಿಯೊಬ್ಬ ನಿಂತು, ಚಕ್ರಕ್ಕೆ ಹಗುರಾಗಿ ಮುಟ್ಟಿಸು, ಮತ್ತೆ ಮತ್ತೆ ನೀರಿನಲ್ಲಿ ಅದ್ದು ಎಂದು ತೋರಿಸಿಕೊಟ್ಟರೆ ಆ ಉಳಿಯೂ ಉಳಿಯುತ್ತದೆ, ನಿನ್ನ ಹೆಸರೂ ಉಳಿಯುತ್ತದೆ.

ದಸರೆಯಲ್ಲಿ ಆಯುಧಗಳನ್ನು ಪೂಜಿಸುವ ಖಂಡೇ ಪೂಜೆಗೆ ಮುಂಚಿನ ದಿನಗಳಲ್ಲಿ ಹೇಗೂ ಎಲ್ಲರೂ ತಮ್ಮ ಸಾಮಾನುಗಳನ್ನು ತೊಳೆದು, ತುಕ್ಕು ತೆಗೆದು ಅಣಿ ಮಾಡಿಕೊಳ್ಳುತ್ತಾರೆ. ಆಗ ಒಂದು ದಿನ ಕಟ್ಟಿಗೆ ಅಡ್ಡೆಯ ಬಳಿ, ಇಲ್ಲವೆ ಕಟ್ಟಿಗೆ ಕೊಯ್ಯುವ ಸಾಮಿಲ್ಲಿನ ಅಂಗಳದಲ್ಲಿ, ನಾಲ್ಕು ಸಾಣೆಕಲ್ಲು ಮತ್ತು ಒಂದು ಗಟ್ಟಿ ಮೇಜನ್ನು ಇಟ್ಟು ಯಾರ ಉಳಿಯನ್ನಾದರೂ ಸಾಣೆ ಹಿಡಿದುಕೊಡುವ, ಕಲಿಸಿಕೊಡುವ ಕೆಲಸವನ್ನು ನಾವು ಗಿರಾಕಿಗಳೇ ನಡೆಸಬಹುದು. ಬೇರೆ ಕಂಪನಿಯ ಉಳಿ ತಂದವನಿಗೂ ಅದೇ ಮರ್ಯಾದೆ ಸಿಗಬೇಕು. ನಿನ್ನವು ಮೇಜಿನ ಮೇಲೆ ಸಾಗವಾನಿ ಮತ್ತು ಜಾಲಿಯ ತುಂಡುಗಳ ಜೊತೆ ಇರಲಿ, ಬೇಕಾದವರು ಕೆತ್ತಿ ನೋಡಲಿ. ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಮಳಿಗೆ ಹಾಕುವ ಯೋಚನೆಯನ್ನೂ ನೀನು ಬರೆದಿದ್ದೀಯ. ಅಲ್ಲಿ ಜನ ಬಹಳ, ಆದರೆ ಅವರಲ್ಲಿ ಬಡಿಗರು ಕಡಿಮೆ. ನನ್ನನ್ನು ಕೇಳಿದರೆ ಸಾಮಿಲ್ಲೇ ಮೇಲು.

ಈ ದಾರಿಯಲ್ಲಿ ನಡೆದು ಬೆಳೆದವರು ಇದ್ದಾರೆ. ಅಮೆರಿಕದ ಮೇನ್ ರಾಜ್ಯದ ಲೀ-ನೀಲ್ಸನ್ ಟೂಲ್‌ವರ್ಕ್ಸ್ 1981ರಲ್ಲಿ ಆರಂಭವಾದಾಗ ಮಾಡುತ್ತಿದ್ದುದು ಹಲಗೆಯ ಅಂಚನ್ನು ನೇರಗೊಳಿಸುವ ಕಂಚಿನ ಸಣ್ಣ ತೋಪಡಾ ಒಂದನ್ನೇ, ಅದೂ ಸ್ಟ್ಯಾನ್ಲಿ ಕಂಪನಿಯ ಹಳೆಯ 95ನೆಯ ನಂಬರಿನ ಮಾದರಿಯನ್ನು ಆಧರಿಸಿದ್ದು. ಇಂದು ಆ ಕಂಪನಿಯ ತೋಪಡಾ, ಉಳಿ, ಗರಗಸಗಳನ್ನು ಕೈಕೆಲಸ ಮಾಡುವವರು ಜಗತ್ತಿನ ಹಲವು ಕಡೆ ಬಲ್ಲರು. ಬೇರೆ ಬೇರೆ ಊರುಗಳಲ್ಲಿ ಕೆಲಸದ ಮೇಜುಗಳನ್ನು ಹಾಕಿ, ಬಂದವರು ಉಪಕರಣಗಳನ್ನು ತಾವೇ ಹಿಡಿದು ನೋಡುವಂಥ ಪ್ರದರ್ಶನಗಳನ್ನು ಆ ಕಂಪನಿ ಉಚಿತವಾಗಿ ನಡೆಸುತ್ತ ಬಂದಿದೆ. ಅವರ ಬೆಲೆ ನಮ್ಮ ಊರಿಗೆ ಒಗ್ಗುವಂಥದ್ದಲ್ಲ, ಆದರೆ ಕೈಗೆ ಕೊಟ್ಟು ಮಾರುವ ಪದ್ಧತಿಗೆ ಹಣ ಹೆಚ್ಚು ಬೇಕಾಗಿಲ್ಲ.

ಇನ್ನು ಮೊಬೈಲಿನಲ್ಲಿ ಬರೆಯುವ, ವಿಡಿಯೋ ಹಾಕುವ ಗೆಳೆಯರ ವಿಷಯ. ಸೂಪರ್, ನಂಬರ್ ಒನ್ ಎಂದು ಬರೆಯುವುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ಕಟ್ಟಿಗೆ, ಹಸಿಯೋ ಒಣಗಿದ್ದೋ, ಮರದ ಕೊಡತಿಯಲ್ಲಿ ಬಡಿದದ್ದೋ ಕೈಯಲ್ಲೇ ಒತ್ತಿದ್ದೋ, ಎಷ್ಟು ದಿನಗಳಿಂದ ಬಳಸುತ್ತಿದ್ದೇನೆ, ಎಲ್ಲಿ ತೃಪ್ತಿಯಾಗಲಿಲ್ಲ ಎಂಬುದನ್ನು ಕನ್ನಡದಲ್ಲಿ, ನಮ್ಮವರು ಕೆಲಸದಲ್ಲಿ ಆಡುವ ಮಾತಿನಲ್ಲೇ ಹೇಳಬೇಕು. ಹೊಳೆಯುವ ಹೊಸ ಉಳಿಯ ಫೋಟೋಗಿಂತ ಒಂದು ವರ್ಷ ದುಡಿದ ಉಳಿಯ ಫೋಟೋ ಹೆಚ್ಚು ಹೇಳುತ್ತದೆ. ಅಂಗಡಿಗಳ ವಿಷಯ ಇನ್ನೂ ಸರಳ: ಹಾರ್ಡ್‌ವೇರ್ ಅಂಗಡಿಯವರು ಗಿರಾಕಿ ಕೇಳಿದ್ದನ್ನು ತರಿಸುತ್ತಾರೆ, ನಾವು ನಿನ್ನ ಉಳಿಯನ್ನು ಕೇಳುತ್ತಲೇ ಇರುತ್ತೇವೆ.

ಕೈಕಸುಬಿನವರಿಗೆಂದು ಕೇಂದ್ರ ಸರಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ಬಡಿಗತನವಿದೆ, ಕಮ್ಮಾರಿಕೆಯಿದೆ, ಸುತ್ತಿಗೆ ಮತ್ತು ಉಪಕರಣ ತಯಾರಿಸುವವರ ವೃತ್ತಿಯೂ ಇದೆ. ಉಪಕರಣಗಳಿಗೆಂದು ಫಲಾನುಭವಿಗೆ 15,000 ರೂಪಾಯಿವರೆಗೆ ನೆರವಿದೆ. ಅದರಲ್ಲಿ ತರಬೇತಿ ಪಡೆದ ಹುಡುಗರು ಕೆಲಸಕ್ಕೆ ಇಳಿದಾಗ ಯಾವ ಉಳಿ ಒಳ್ಳೆಯದು ಎಂದು ಕೇಳುವುದು ನಮ್ಮಂಥ ಹಿರಿಯ ಬಡಿಗರನ್ನೇ. ಅವರು ಒಂದು ಸೆಟ್ ಕೊಳ್ಳುವ ಮೊದಲು ನಿನ್ನ ಒಂದು ಉಳಿಯನ್ನಾದರೂ ಹಿಡಿದು ನೋಡುವಂತೆ ಮಾಡುವುದು ನಮ್ಮ ಜವಾಬ್ದಾರಿ. ನೀನು ಸಹ ಆ ಯೋಜನೆಗೆ ಅರ್ಹನೇ ಎಂಬುದನ್ನು ವಿಚಾರಿಸು.

ನಮ್ಮ ನಿಷ್ಠೆಯ ಇನ್ನೊಂದು ಭಾಗ ನಿನಗೆ ಅಷ್ಟು ಹಿತವಾಗಲಿಕ್ಕಿಲ್ಲ. ಕುಂದು ಕಂಡರೆ ಮೊದಲು ನಿನಗೇ ಹೇಳುತ್ತೇವೆ, ನಿನಗೆ ಸರಿಪಡಿಸಲು ಅವಕಾಶ ಕೊಡುತ್ತೇವೆ. ಆದರೆ ಕೇಳಿದವರ ಮುಂದೆ ಅದನ್ನು ಮುಚ್ಚಿಡುವುದಿಲ್ಲ. ಹಿಡಿಕೆಗೆ ಹಾಕಿದ ಹಿತ್ತಾಳೆಯ ಬಳೆ ಬೇಸಿಗೆಯಲ್ಲಿ ಸಡಿಲಾಗುತ್ತಿದೆ ಎಂದು ನಾನೂ ಇನ್ನೊಬ್ಬ ಗೆಳೆಯನೂ ಹೇಳಿದ್ದು ಇದೇ ಕಾರಣಕ್ಕೆ. ಕಟ್ಟಿಗೆ ಪೂರ್ತಿ ಒಣಗುವ ಮೊದಲೇ ಹಿಡಿಕೆ ಮಾಡಿದರೆ ಅದು ನಂತರ ಕುಗ್ಗುತ್ತದೆ, ಬಳೆ ಕಳಚುತ್ತದೆ. ಮುಂದಿನ ಸಲ ಒಣಗಿಸಲು ಹೆಚ್ಚು ಕಾಲ ಕೊಡು, ಅದಕ್ಕಾಗಿ ನಾವು ಕಾಯುತ್ತೇವೆ. ಹಾಗೆಯೇ ನಾವು ಉದ್ರಿ ಕೇಳಬಾರದು, ಹಳೆಯ ಪರಿಚಯವೆಂದು ಬೆಲೆ ಇಳಿಸಲು ಜಗ್ಗಾಡಬಾರದು. ಪೂರ್ತಿ ಬೆಲೆ ಕೊಟ್ಟು ಕೊಂಡವನು ಒಳ್ಳೆಯದು ಎಂದಾಗಲೇ ಆ ಮಾತನ್ನು ಜನ ಕಿವಿಗೊಟ್ಟು ಕೇಳುವುದು.

ನಿನ್ನ ಕಡೆಯಿಂದ ಆಗಬೇಕಾದದ್ದು ಎರಡು. ಪ್ರತಿಯೊಂದು ಉಳಿಯ ಕುತ್ತಿಗೆಯ ಮೇಲೆ ನಿನ್ನ ಮುದ್ರೆಯನ್ನು ಒತ್ತು. ಈಗ ನಿನ್ನ ಉಳಿ ಬೇರೆಯವರ ಪೆಟ್ಟಿಗೆ ಸೇರಿದ ಮೇಲೆ ಅದನ್ನು ಯಾರು ಮಾಡಿದ್ದೆಂದು ತಿಳಿಯುವ ದಾರಿಯೇ ಇಲ್ಲ. ನಾವು ಎಷ್ಟೇ ಹೇಳಿದರೂ ನಾವಿಲ್ಲದ ಕಡೆ ಆ ಉಳಿ ಹೆಸರಿಲ್ಲದೆ ಇರುತ್ತದೆ. ಎರಡನೆಯದಾಗಿ, ತಿಂಗಳಿಗೆ ನಿನ್ನ ಕೈಯಲ್ಲಿ ಎಷ್ಟು ಆಗುತ್ತದೆ ಎಂಬುದನ್ನು ನಮಗೆ ನಿಜವಾಗಿ ತಿಳಿಸು. ಆರ್ಡರು ಹೆಚ್ಚಾಗಿ, ಅವಸರದಲ್ಲಿ ಹದ ತಪ್ಪಿದ ಉಳಿಗಳು ಹೊರಬಿದ್ದರೆ ನಾವು ಕಟ್ಟಿದ ಹೆಸರನ್ನು ನಾವೇ ಕೆಡಿಸಿದಂತಾಗುತ್ತದೆ. ನೀನು ಹೇಳಿದ ಸಂಖ್ಯೆಗೆ ತಕ್ಕಂತೆಯೇ ನಾವು ಜನರಿಗೆ ಹೇಳುತ್ತೇವೆ.

ಸಾಮಿಲ್ಲಿನವರ ಜೊತೆ ನಾನು ಮಾತನಾಡುತ್ತೇನೆ, ಸಾಣೆಕಲ್ಲುಗಳು ನನ್ನ ಬಳಿಯೇ ಇವೆ. ಮೇಜಿನ ಮೇಲೆ ಇಡಲು ಕಾಲು ಇಂಚು, ಅರ್ಧ ಇಂಚು, ಒಂದು ಇಂಚಿನ ಉಳಿಗಳನ್ನು ಒಂದೊಂದರಂತೆ ಮುದ್ರೆ ಒತ್ತಿ, ಬಿಲ್ಲು ಹಾಕಿ ಕಳಿಸು. ಹಣವನ್ನು ಅಂದೇ ಕೊಡುತ್ತೇನೆ.

ನಿನ್ನ ಗೆಳೆಯ