ಪೇಪರ್ ಇದ್ದರೆ ಸಾಲದು, ತಾಯಿನಾಯಿಯನ್ನು ನೋಡಿ

ಸಂಪಾದಕರೇ,

ನಿಮ್ಮ ಪತ್ರಿಕೆಯ ಜಾಹೀರಾತು ಪುಟದಲ್ಲಿ ನಾಯಿಮರಿ ಮಾರಾಟಕ್ಕಿದೆ ಅಂತ ಆಗಾಗ ಬರುತ್ತದೆ. ‘ಅಪ್ಪಟ ತಳಿ, ಪೇಪರ್ ಇದೆ’ ಅನ್ನುವುದು ಹೆಚ್ಚುಕಮ್ಮಿ ಎಲ್ಲದರಲ್ಲೂ ಇರುತ್ತದೆ. ಜನ ಅಷ್ಟನ್ನೇ ನಂಬಿ ಫೋಟೊ ತರಿಸಿಕೊಂಡು ಅಡ್ವಾನ್ಸ್ ಕಳಿಸಿಬಿಡುತ್ತಾರೆ. ಅದಕ್ಕೇ ಈ ಪತ್ರ.

ಪೇಪರ್ ಅಂದರೆ ತಳಿ ನಾಯಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ ಕೊಡುವ ವಂಶಾವಳಿ. ಮರಿಯ ಅಪ್ಪ ಅಮ್ಮ ಯಾರು, ಅಜ್ಜ ಅಜ್ಜಿ ಯಾರು ಅನ್ನುವ ದಾಖಲೆ. ಅವುಗಳ ಸೊಂಟ ಗಟ್ಟಿಯಿತ್ತಾ, ಕಣ್ಣು ಸರಿಯಿತ್ತಾ ಅಂತ ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ. ಆದರೆ ತಳಿ ನಾಯಿಗಳಲ್ಲಿ ಮುಖ್ಯವಾಗಿ ಕೇಳಬೇಕಾದದ್ದೇ ಅದು. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್‌ಗಳಿಗೆ ಸೊಂಟದ ಕೀಲಿನ ತೊಂದರೆ, ಅಂದರೆ ಹಿಪ್ ಡಿಸ್‌ಪ್ಲೇಸಿಯಾ. ಡೋಬರ್‌ಮನ್‌ಗೆ ಹೃದಯದ ಸ್ನಾಯು ಸೋಲುವ ಕಾಯಿಲೆ. ಡಾಲ್ಮೇಷಿಯನ್‌ಗಳಲ್ಲಿ ಹುಟ್ಟು ಕಿವುಡು ಜಾಸ್ತಿ. ಪಗ್‌ಗೆ ಉಸಿರಾಟವೇ ಕಷ್ಟ.

ನಮ್ಮ ಪರಿಚಯದವರೊಬ್ಬರ ಮನೆಯಲ್ಲಿ ಒಂದು ಜರ್ಮನ್ ಶೆಫರ್ಡ್ ಇತ್ತು. ಇನ್ನೂ ವರ್ಷ ತುಂಬಿರಲಿಲ್ಲ, ಮೆಟ್ಟಿಲು ಹತ್ತುವಾಗ ಹಿಂಗಾಲು ಎರಡನ್ನೂ ಒಟ್ಟಿಗೆ ಎತ್ತಿ ಮೊಲದ ಹಾಗೆ ಕುಪ್ಪಳಿಸುತ್ತಿತ್ತು. ಮನೆಯವರಿಗೆ ಅದು ಮುದ್ದಾಗಿ ಕಾಣುತ್ತಿತ್ತು. ಆಮೇಲೆ ಮಲಗಿದಲ್ಲಿಂದ ಏಳಬೇಕಾದರೆ ಮುಂಗಾಲು ಊರಿ ಮೈ ಎಳೆದುಕೊಳ್ಳಲು ಶುರು ಮಾಡಿತು. ಎಕ್ಸ್‌ರೇ ತೆಗೆಸಿದರೆ ತೊಡೆಮೂಳೆಯ ಗುಂಡು ಕುಳಿಯೊಳಗೆ ಸರಿಯಾಗಿ ಕೂತೇ ಇರಲಿಲ್ಲ. ಪೇಪರ್ ಇತ್ತು. ಮಾರಿದವರು ಮಾತ್ರ ಫೋನ್ ಎತ್ತಲಿಲ್ಲ.

ಒಳ್ಳೆಯ ಬ್ರೀಡರ್ ಸೊಂಟ, ಕಣ್ಣು, ಹೃದಯ ಹೀಗೆ ಆಯಾ ತಳಿಗೆ ಬೇಕಾದ ಪರೀಕ್ಷೆಗಳನ್ನು ಗಂಡು ಹೆಣ್ಣು ಕೂಡಿಸುವ ಮೊದಲೇ ಮಾಡಿಸಿರುತ್ತಾರೆ. ನಾಯಿಗಳ ಎಕ್ಸ್‌ರೇ ನೋಡಿ ಕೀಲು ಹೇಗಿದೆ ಅಂತ ಗ್ರೇಡ್ ಕೊಡುವ ಅಮೆರಿಕದ ಓಎಫ್ಎ ಸಂಸ್ಥೆ ನಾಯಿಗೆ 2 ವರ್ಷ ತುಂಬುವ ತನಕ ಸೊಂಟಕ್ಕೆ ಅಂತಿಮ ಗ್ರೇಡ್ ಕೊಡುವುದಿಲ್ಲ. ಹಾಗಾಗಿ ತಾಯಿಗೆ ಎಷ್ಟು ವಯಸ್ಸು ಅಂತ ಕೇಳಿದರೇ ಅರ್ಧ ವಿಷಯ ಗೊತ್ತಾಗುತ್ತದೆ. ಅಪ್ಪ ಅಮ್ಮನ ರಿಪೋರ್ಟ್ ಚೆನ್ನಾಗಿದ್ದರೂ ಮರಿಗೆ ತೊಂದರೆ ಬರುವುದೇ ಇಲ್ಲ ಅಂತಲ್ಲ, ಆದರೆ ಸಾಧ್ಯತೆ ಕಡಿಮೆಯಾಗುತ್ತದೆ. ‘ಡಾಕ್ಟರ್ ನೋಡಿದ್ದಾರೆ, ಎಲ್ಲಾ ಓಕೆ’ ಅನ್ನುವ ಮಾತು ರಿಪೋರ್ಟ್ ಅಲ್ಲ. ಸುಮ್ನೆ ಒಪ್ಪಿಕೊಳ್ಳಬೇಡಿ, ಕಾಗದ ಕೇಳಿ.

ಇನ್ನೊಂದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು: ಮರಿ ಹುಟ್ಟಿ ಬೆಳೆದ ಜಾಗಕ್ಕೇ ಹೋಗಿ ತಾಯಿಯನ್ನು ನೋಡಬೇಕು. ತಂದೆ ಬೇರೆ ಕಡೆಯದಾಗಿರುವುದು ಮಾಮೂಲು, ಅದಕ್ಕೆ ಅನುಮಾನ ಪಡಬೇಕಿಲ್ಲ. ತಾಯಿ ಇಲ್ಲ ಅಂದರೆ ಮಾತ್ರ ವಾಪಸ್ ಬಂದುಬಿಡಿ. ಯಾವುದೋ ಒಂದು ಹೆಣ್ಣು ನಾಯಿಯನ್ನು ತೋರಿಸಿ ಇದೇ ತಾಯಿ ಅನ್ನುವವರೂ ಇದ್ದಾರೆ, ಆದ್ದರಿಂದ ಹೊಟ್ಟೆ ಕಡೆ ಕಣ್ಣು ಹಾಯಿಸಿ: ಹಾಲುಣಿಸಿದ ತಾಯಿಯ ಮೊಲೆಗಳು ಜೋತಿರುತ್ತವೆ, ಮೈ ಸ್ವಲ್ಪ ಇಳಿದಿರುತ್ತದೆ, ಕೂದಲು ಉದುರಿರುವುದೂ ಉಂಟು. ಮರಿಗಳು ಅದನ್ನು ಕಂಡ ಕೂಡಲೇ ಹೊಟ್ಟೆಗೆ ನುಗ್ಗುತ್ತವೆ. ತಾಯಿ ಜನರನ್ನು ಕಂಡು ಮೂಲೆ ಸೇರಿ ನಡುಗುತ್ತಿದ್ದರೆ ಮರಿಗಳಿಗೂ ಆ ಅಂಜಿಕೆ ಬರಬಹುದು.

ಮೂರನೇ ವಾರದಿಂದ ಹನ್ನೆರಡು, ಹದಿನಾಲ್ಕನೇ ವಾರದವರೆಗೆ ಮರಿ ಲೋಕವನ್ನು ಕಲಿಯುವ ಕಾಲ. ಮನೆಯ ಸದ್ದು, ಮಕ್ಕಳು, ಅಪರಿಚಿತರು, ಎಲ್ಲ ಆಗಲೇ ಅಭ್ಯಾಸ ಆಗಬೇಕು. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅಂತ ಮರಿ ಕಲಿಯುವುದು ಒಡಹುಟ್ಟಿದ ಮರಿಗಳ ಜೊತೆ ಆಡುತ್ತಾ. 8 ವಾರಕ್ಕಿಂತ ಮೊದಲೇ ಬಿಡಿಸಿ ತಂದರೆ ಇದೆಲ್ಲಾ ತಪ್ಪಿಹೋಗುತ್ತದೆ. ದಲ್ಲಾಳಿ ಕೈಯಿಂದ ಬರುವ ಮರಿಗಳದ್ದು ಇನ್ನೊಂದು ಕಥೆ. ಬೇರೆ ಬೇರೆ ಕಡೆಯ ಮರಿಗಳನ್ನು ಒಟ್ಟಿಗೆ ಸಾಗಿಸುತ್ತಾರೆ, ದಾರಿಯಲ್ಲೇ ಪಾರ್ವೊ ಅನ್ನುವ ವೈರಸ್ ರೋಗ ಅಂಟಿಕೊಳ್ಳಬಹುದು. ಲಕ್ಷಣ ಕಾಣಲು ಸುಮಾರು 3ರಿಂದ 7 ದಿನ ಬೇಕು, ಹಾಗಾಗಿ ಮನೆಗೆ ಬಂದಾಗ ಕುಣಿದಾಡುತ್ತಿದ್ದ ಮರಿ ವಾರದೊಳಗೆ ವಾಂತಿ, ರಕ್ತಭೇದಿಯಿಂದ ಮಲಗಿಬಿಡುತ್ತದೆ.

ಒಳ್ಳೆಯ ಬ್ರೀಡರ್ ನಿಮ್ಮನ್ನೇ ಪ್ರಶ್ನೆ ಮಾಡುತ್ತಾರೆ. ಹಗಲು ಮನೆಯಲ್ಲಿ ಯಾರಿರುತ್ತಾರೆ, ಮೊದಲು ನಾಯಿ ಸಾಕಿದ್ದೀರಾ, ಊರು ಬಿಟ್ಟು ಹೋಗಬೇಕಾದರೆ ಏನು ಮಾಡುತ್ತೀರಿ ಅಂತ. ಇದನ್ನು ಅವಮಾನ ಅಂದುಕೊಳ್ಳಬೇಡಿ. ಅವರ ಹತ್ತಿರ ಸದಾ ಮರಿ ಸಿಗುವುದೂ ಇಲ್ಲ, ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಮುಂದೆ ಯಾವತ್ತಾದರೂ ಸಾಕಲು ಆಗದಿದ್ದರೆ ನಮಗೇ ವಾಪಸ್ ಕೊಡಿ ಅಂತ ಬರೆಸಿಕೊಳ್ಳುತ್ತಾರೆ. ಹತ್ತು ತಳಿ ಇಟ್ಟುಕೊಂಡು ಯಾವಾಗ ಕೇಳಿದರೂ ಮರಿ ರೆಡಿ ಅನ್ನುವವರಿಂದ ಇದನ್ನು ನಿರೀಕ್ಷಿಸಲು ಆಗಲ್ಲ ಅಲ್ವಾ? ‘ಅಪರೂಪದ ಬಣ್ಣ’ ಅಂತ ಜಾಸ್ತಿ ದುಡ್ಡು ಕೇಳುವವರ ಬಗ್ಗೆಯೂ ಎಚ್ಚರ ಇರಲಿ. ಮರ್ಲ್ ಅಂದರೆ ಮಾಸಲು ಬಣ್ಣದ ಮೇಲೆ ಗಾಢ ಮಚ್ಚೆ ಇರುವ ಬಣ್ಣ; ಇಂಥ ಎರಡು ನಾಯಿಗಳನ್ನು ಕೂಡಿಸಿದರೆ ಕಿವುಡು, ಕುರುಡು ಮರಿಗಳು ಹುಟ್ಟುವ ಅಪಾಯ ಇದೆ.

ಆಶ್ರಯಧಾಮದಿಂದ ನಾಯಿ ತರುವವರನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ತಳಿ ನಾಯಿಯೇ ಬೇಕು ಅನ್ನುವವರೂ ಇರುತ್ತಾರೆ, ಅವರ ದುಡ್ಡು ಯಾರ ಕೈಗೆ ಹೋಗುತ್ತದೆ ಅನ್ನುವುದರ ಮೇಲೆ ಎಷ್ಟೋ ತಾಯಿನಾಯಿಗಳ ಬದುಕು ನಿಂತಿದೆ.

ಇಂಗ್ಲೆಂಡ್‌ನಲ್ಲಿ 2020ರ ಏಪ್ರಿಲ್‌ನಿಂದ 6 ತಿಂಗಳೊಳಗಿನ ನಾಯಿಮರಿಗಳನ್ನು ಅಂಗಡಿಯವರು, ದಲ್ಲಾಳಿಗಳು ವ್ಯಾಪಾರಕ್ಕಾಗಿ ಮಾರುವಂತಿಲ್ಲ. ಸಾಕಿದವರೇ ಮಾರಬೇಕು, ತಾಯಿಯ ಜೊತೆಗೇ ಮರಿ ತೋರಿಸಬೇಕು. ನಮ್ಮಲ್ಲೂ ಅಂಥ ಕಾನೂನು ಬರುವ ತನಕ ಪತ್ರಿಕೆಗಳು ಕಾಯಬೇಕಿಲ್ಲ. ಮರಿಯ ಜಾಹೀರಾತು ತೆಗೆದುಕೊಳ್ಳುವಾಗ ಎರಡು ಸಾಲು ಕಡ್ಡಾಯ ಮಾಡಿ: ಅಪ್ಪ ಅಮ್ಮನಿಗೆ ಯಾವ ಯಾವ ಪರೀಕ್ಷೆ ಆಗಿದೆ, ತಾಯಿಯನ್ನು ಎಲ್ಲಿ ಬಂದು ನೋಡಬಹುದು. ಇಷ್ಟನ್ನು ಬರೆದುಕೊಡಲು ಒಪ್ಪದವರ ಜಾಹೀರಾತನ್ನು ದಯವಿಟ್ಟು ಹಾಕಬೇಡಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ