ದುಡ್ಡು ಮೊದಲೋ, ಆಯಸ್ಸು ಮೊದಲೋ

ಸೋಮವಾರಪೇಟೆ

ಚಿ. ಸೌ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಅಳಿಯನ ಅಪಘಾತದ್ದು, ಆಪರೇಷನ್ನಿನದ್ದು ಎಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿದ್ದಾಳೆ. ಅದು ಬಿಡು. ಕಾಗದದ ಕೊನೆಗೆ ಸಣ್ಣಕ್ಷರದಲ್ಲಿ, "ಮಾವ, ದುಡ್ಡು ಮೊದಲು ಮುಗಿಯುತ್ತೋ, ಅವರ ಆಯಸ್ಸು ಮೊದಲು ಮುಗಿಯುತ್ತೋ ಅಂತ ರಾತ್ರಿ ಲೆಕ್ಕ ಹಾಕಿದೆ" ಅಂದಿದ್ದೀಯಲ್ಲ, ಅದನ್ನು ಓದಿದ ಮೇಲೆ ಕಣದಲ್ಲಿ ಕಾಫಿ ಹರವುತ್ತಿದ್ದರೂ ಮನಸ್ಸು ಅಲ್ಲಿಲ್ಲ.

ಪರಿಹಾರದ ಲೆಕ್ಕಕ್ಕೆ ವಕೀಲರು ಹೇಳಿದ ಹದಿನೇಳು ನಿನ್ನನ್ನು ಹೆದರಿಸಿದೆ ಅಂತ ಕಾಣುತ್ತೆ. ಅಳಿಯನಿಗೆ 29, ಹದಿನೇಳು ಕೂಡಿದರೆ 46, ಅಲ್ಲಿಗೆ ಎಲ್ಲ ಖಾಲಿ ಅಂತ. ಹಾಗಲ್ಲ ಮಗಳೇ. 2009ರ ಸರಳಾ ವರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ವರ್ಷದ ಸಂಪಾದನೆಯನ್ನು ಎಷ್ಟರಿಂದ ಗುಣಿಸಬೇಕು ಅನ್ನೋ, ವಯಸ್ಸಿಗೆ ತಕ್ಕ ಗುಣಕದ ಪಟ್ಟಿ ಕೊಟ್ಟಿದೆ, 26ರಿಂದ 30ರವರಿಗೆ 17. ಒಟ್ಟಿಗೆ ಬಂದ ಗಂಟು ಬ್ಯಾಂಕಿನಲ್ಲಿ ಬಡ್ಡಿ ತರುತ್ತೆ ಅನ್ನೋದನ್ನೂ ಹಿಡಿದು ಇಟ್ಟ ಸಂಖ್ಯೆ ಅದು. ಅವನು ಇಷ್ಟೇ ವರ್ಷ ಇರ್ತಾನೆ ಅಂತ ಯಾರೂ ಬರೆದಿಲ್ಲ. ಆದರೆ ಬೆಲೆ ಏರೋದನ್ನು ನೋಡಿದರೆ, ನಿನ್ನ ಭಯ ಪೂರ್ತಿ ಸುಳ್ಳು ಅನ್ನೋ ಧೈರ್ಯ ನನಗೂ ಇಲ್ಲ.

ನಿನ್ನ ದೊಡ್ಡಮಾವ ಏಣಿಯಿಂದ ಬಿದ್ದದ್ದು ನೀನು ಹುಟ್ಟುವ ಮೊದಲು. ಸ್ವಂತ ತೋಟದಲ್ಲಿ, ಸ್ವಂತ ಮೆಣಸು ಕೊಯ್ಯುವಾಗ ಬಿದ್ದವನಿಗೆ ಪರಿಹಾರ ಕೊಡೋರು ಯಾರು? ಕೂಲಿಯವನು ಬಿದ್ದಿದ್ದರೆ 1923ರ ಕಾರ್ಮಿಕರ ಪರಿಹಾರ ಕಾಯ್ದೆ ಇತ್ತು, ಮಾಲೀಕ ಕೊಡಬೇಕಿತ್ತು. ಇಲ್ಲಿ ಮಾಲೀಕನೂ ಅವನೇ. ಕಾಫಿ ದುಡ್ಡು ಬಂದಾಗಲೆಲ್ಲ ಅಜ್ಜಿ ಬೆರಳು ಮಡಿಸಿ ಎಣಿಸುತ್ತಿದ್ದಳು. ನೀನು ಹಾಕಿದ ಲೆಕ್ಕವನ್ನೇ ಅವಳೂ ಹಾಕುತ್ತಿದ್ದಳು ಅಂತ ಈಗ ಅನ್ನಿಸುತ್ತೆ. ಅವನು ಒಳಕೋಣೆಯಲ್ಲಿ ಮಲಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ನಿನಗೇನು ಬೇಕಣ್ಣ ಅಂತ ನಾವು ಯಾರೂ ಕೇಳಲಿಲ್ಲ. ಕೊನೆಗೆ ಅವನು ಹೋದದ್ದು ಬೆನ್ನುಮೂಳೆಯಿಂದ ಅಲ್ಲ, ಹಾಸಿಗೆ ಹುಣ್ಣಿಗೆ ನಂಜಾಗಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸು ಅಂತ ಆಸ್ಪತ್ರೆಯವರು ಹೇಳಿಯೇ ಇರ್ತಾರೆ. ರಾತ್ರಿಯೂ ಮಾಡು.

ಆ ರಾತ್ರಿ ನಿನ್ನ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿದೆ. ನೀನು. ಹಗಲೂ ರಾತ್ರಿ ಅವನನ್ನು ನೋಡಿಕೊಳ್ಳೋ ಕೆಲಸಕ್ಕೂ ಬೆಲೆ ಇದೆ, ಹೆಂಡತಿ ತಾನೇ ಅಂತ ಬಿಡಬೇಡ. ಟ್ರಕ್ಕು ಗುದ್ದಿ ಪೂರ್ತಿ ಪರಾವಲಂಬಿಯಾದ ಹನ್ನೆರಡು ವರ್ಷದ ಹುಡುಗಿಗೆ 2020ರಲ್ಲಿ ಸುಪ್ರೀಂ ಕೋರ್ಟು ಇಬ್ಬರು ಸಹಾಯಕರ ಖರ್ಚು ಅಂತ ತಿಂಗಳಿಗೆ 10,000, ಅಂದರೆ ವರ್ಷಕ್ಕೆ 1.20 ಲಕ್ಷ ಹಿಡಿದು, 18ರಿಂದ ಗುಣಿಸಿ 21.60 ಲಕ್ಷ ಅದೊಂದಕ್ಕೇ ಕೊಟ್ಟಿತು. ನಿಮ್ಮ ಅರ್ಜಿಯಲ್ಲಿ ಆ ಸಾಲು ಇದೆಯಾ ಅಂತ ಕೇಳು. ವಕೀಲರಿಗೆ ನಾನು ಪಾಠ ಹೇಳಿದ ಹಾಗಾದೀತು, ನನ್ನ ಹೆಸರು ಎತ್ತಬೇಡ.

ಡಾಕ್ಟರು ಅಂಗವೈಕಲ್ಯ ಶೇ 75 ಅಂತ ಬರೆದರೆ ವಿಮೆಯವರು ಸಂಪಾದನೆ ಹೋದದ್ದೂ ಅಷ್ಟೇ ಅಂತಾರೆ. ಪಿಕಪ್ ಓಡಿಸಿ ಬದುಕುತ್ತಿದ್ದವನಿಗೆ ಎರಡೂ ಕಾಲಿಗೆ ಸ್ವಾಧೀನ ಇಲ್ಲದಿದ್ದರೆ ಉಳಿದದ್ದೇನು? ದೇಹದ ಲೆಕ್ಕ ಬೇರೆ, ದುಡಿಮೆಯ ಲೆಕ್ಕ ಬೇರೆ ಅಂತ 2010ರಲ್ಲೇ ತೀರ್ಪಾಗಿದೆ. ನಲವತ್ತರೊಳಗಿನ ಸ್ವಂತ ದುಡಿಮೆಯವರ ಆದಾಯಕ್ಕೆ ಮುಂದಿನ ಏರಿಕೆ ಅಂತ ಶೇ 40 ಸೇರಿಸಬೇಕು, ಅದನ್ನೂ ಕೇಳು. ಅರ್ಜಿ ಹಾಕಿದ್ದೀರೋ ಇಲ್ಲವೋ ನೀನು ಬರೆದಿಲ್ಲ. 2022ರ ಏಪ್ರಿಲ್‌ನಿಂದ ಮೋಟಾರು ವಾಹನ ಕಾಯ್ದೆಯಲ್ಲಿ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳ ಗಡುವು ಬಂದಿದೆ.

ಲೋಕ ಅದಾಲತ್‌ನಲ್ಲಿ ಬೇಗ ಮುಗಿಸೋಣ ಅಂತ ಯಾರೋ ಹೇಳಿದರಂತೆ. ಅದು ಕೆಟ್ಟದ್ದಲ್ಲ, ಎಷ್ಟೋ ಜನಕ್ಕೆ ಅನುಕೂಲ ಆಗಿದೆ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ. ನಿನ್ನಂಥ ಭಯ ಇರೋರು ಬೇಗ ಸಹಿ ಹಾಕ್ತಾರೆ, ಅದೇ ನನಗೆ ಹೆದರಿಕೆ. ವಕೀಲರ ಫೀಜು ಭಾರ ಅನ್ನಿಸಿದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೂ ಅಂಗವಿಕಲರಿಗೂ ಉಚಿತವಾಗಿ ವಕೀಲರನ್ನು ಕೊಡ್ತಾರೆ. ದುಡ್ಡು ಬಂದ ಮೇಲೆ ಒಂದು ಪಾಲನ್ನು ಕೋರ್ಟೇ ಬ್ಯಾಂಕಿನಲ್ಲಿ ಠೇವಣಿ ಇಡಿಸಬಹುದು. ನೆಂಟರು ಸಾಲ ಕೇಳಿ ಬಂದಾಗ ಅದನ್ನೇ ತೋರಿಸು. ಆ ನೆಂಟರಲ್ಲಿ ನಾನೂ ಒಬ್ಬ ಅಂದುಕೋ.

ಹಾಗೆ ಲೆಕ್ಕ ಹಾಕಿದ್ದಕ್ಕೆ ನೀನು ನಾಚಿಕೊಂಡಿದ್ದೀಯ, ಅಕ್ಷರ ನೋಡಿದರೇ ಗೊತ್ತಾಗುತ್ತೆ. ಬೇಡ. ಇನ್ನೊಂದು ಸಲ ಹಾಕುವಾಗ ಅವನ ಮಂಚದ ಹತ್ತಿರ ಕೂತು ಹಾಕು. ನಿದ್ದೆ ಬರದೆ ಅವನೂ ಅದನ್ನೇ ಎಣಿಸುತ್ತಿರಬಹುದು.

ಮೆಣಸು ಕೊಯ್ದು ಮುಗಿಸಿ ಬರ್ತೀನಿ. ಅಷ್ಟರಲ್ಲಿ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿಡು, ಆಸ್ಪತ್ರೆಗೆ ಓಡಾಡಿದ ಬಾಡಿಗೆ ಕಾರಿನ ಚೀಟಿಗಳನ್ನೂ.

ಇತಿ,
ನಿನ್ನ ಮಾವ